ಮಂಗಳವಾರ ಸಂಜೆ ಮಗು ಎಲ್ಲಿರುತ್ತೆ?

(ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಡೈವೋರ್ಸ್ ಬಗ್ಗೆ, ಆಮೇಲೆ ಮಗು ಯಾರ ಹತ್ತಿರ ಇರಬೇಕು ಅನ್ನುವುದರ ಬಗ್ಗೆ ಆಡಿದ ಮಾತು. ನಡುವೆ ಹೋದ ಕರೆಂಟು, ನನ್ನ ಕೆಮ್ಮು, ಹೇಳಿದ್ದನ್ನೇ ಮತ್ತೆ ಹೇಳಿದ್ದು ಇವನ್ನೆಲ್ಲ ತೆಗೆದು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಯಾರೂ ತಮಗೋಸ್ಕರ ಬಂದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಎಲ್ಲರೂ ಅಕ್ಕನ ಮಗಳಿಗೋ, ಆಫೀಸಿನ ಗೆಳೆಯನಿಗೋ, ಮೇಲಿನ ಮನೆಯವರಿಗೋ ಒಂದಿಷ್ಟು ಕೇಳಿಕೊಂಡು ಹೋಗೋಣ ಅಂತ ಬಂದವರು. 22 ವರ್ಷದಿಂದ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಿದ್ದೇನೆ. ನನ್ನ ಆಫೀಸಿಗೆ ಮೊದಲ ದಿನ ಬರುವವರೂ ಹೀಗೇ. "ಮೇಡಂ, ನಮ್ಮ ಪರಿಚಯದವರೊಬ್ಬರು ಇದ್ದಾರೆ" ಅಂತ ಶುರು ಮಾಡುತ್ತಾರೆ, ಹತ್ತು ನಿಮಿಷ ಆದಮೇಲೆ ಕರ್ಚೀಫು ಹುಡುಕುತ್ತಾರೆ. ಅದಕ್ಕೇ ಆ ಮೂಲೆಯಲ್ಲಿ ಒಂದು ಬಿಸ್ಕತ್ ಡಬ್ಬಿ ಇಟ್ಟಿದ್ದೇವೆ. ಪ್ರಶ್ನೆ ಚೀಟಿಯಲ್ಲಿ ಬರೆದು ಹಾಕಿ. ಹೆಸರು ಬೇಡ.

ಬಂದವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಎಷ್ಟು ದಿನ ಆಗುತ್ತೆ? ಮಗು ಯಾರಿಗೆ ಸಿಗುತ್ತೆ? ಎರಡನೆಯದನ್ನು ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಮಂಗಳವಾರ ಸಂಜೆ ಐದೂವರೆಗೆ ನಿಮ್ಮ ಮಗು ಎಲ್ಲಿರುತ್ತೆ? ಟ್ಯೂಷನ್ನಾ, ಅಜ್ಜಿ ಮನೆಯಾ, ಕೆಳಗೆ ಆಟಕ್ಕೆ ಹೋಗಿರುತ್ತಾ? ಯಾರು ಕರೆದುಕೊಂಡು ಬರುತ್ತಾರೆ? ಬಂದಮೇಲೆ ಏನು ತಿನ್ನುತ್ತೆ? ಕೆಲವರು ತಟ್ಟನೆ ಹೇಳುತ್ತಾರೆ. ಕೆಲವರು ಫೋನ್ ತೆಗೆದು ಯಾರಿಗೋ ಮೆಸೇಜ್ ಮಾಡಲು ನೋಡುತ್ತಾರೆ, ಅವರಲ್ಲಿ ಅಪ್ಪಂದಿರು ಜಾಸ್ತಿ, ಅಮ್ಮಂದಿರೂ ಇದ್ದಾರೆ. ಇವತ್ತು ನಾನು ಹೇಳಬೇಕಾದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಕಾನೂನು ಬರುತ್ತೆ, ಸಹಿಸಿಕೊಳ್ಳಿ.

ಮೊದಲು ಛಾಪಾ ಕಾಗದದ ವಿಷಯ ಮುಗಿಸಿಬಿಡೋಣ. ಈಗಲೂ ಇದನ್ನು ಹಿಡಿದುಕೊಂಡು ಬರುವವರು ಇದ್ದಾರೆ. ಊರ ಹಿರಿಯರು ಕೂತು ಪಂಚಾಯ್ತಿ ಮಾಡಿರುತ್ತಾರೆ. ಛಾಪಾ ಕಾಗದದ ಮೇಲೆ "ಇವತ್ತಿನಿಂದ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ" ಅಂತ ಬರೆದು, ನಾಲ್ಕು ಜನರ ಸಾಕ್ಷಿ ಹಾಕಿಸಿ, ನೋಟರಿ ಹತ್ತಿರ ಸೀಲು ಒತ್ತಿಸಿರುತ್ತಾರೆ. ನಮ್ಮ ಕಡೆ ಬಿಡುಗಡೆ ಪತ್ರ ಅನ್ನುತ್ತಾರೆ, ಉತ್ತರ ಕರ್ನಾಟಕದ ಕಡೆ ಸೋಡಚೀಟಿ. ಅದನ್ನು ಮಡಚಿ ಬೀರುವಿನಲ್ಲಿಟ್ಟು ಆ ಗಂಡು ಇನ್ನೊಂದು ಮದುವೆಯನ್ನೂ ಆಗಿರುತ್ತಾನೆ. ಆ ಕಾಗದ ಡೈವೋರ್ಸ್ ಅಲ್ಲ. ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಜಾತಿ ರೂಢಿಯಲ್ಲಿ ಬಂದ ಬಿಡುಗಡೆಯನ್ನು ಉಳಿಸಿಕೊಂಡಿದೆ, ನಿಜ. ಆದರೆ ಅಂಥ ರೂಢಿ ನಮ್ಮಲ್ಲಿ ತಲೆತಲಾಂತರದಿಂದ ನಡೆದು ಬಂದಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡುವ ಹೊರೆ ಹೇಳಿಕೊಂಡವರ ಮೇಲೇ ಬೀಳುತ್ತೆ, ಅದು ಸುಲಭದ ಕೆಲಸ ಅಲ್ಲ. ಸಾಬೀತಾಗದಿದ್ದರೆ ಮೊದಲ ಮದುವೆ ಹಾಗೇ ನಿಂತಿರುತ್ತೆ, ಎರಡನೆಯದು ಮದುವೆಯೇ ಅಲ್ಲ. ಏನೂ ಗೊತ್ತಿಲ್ಲದೆ ಬಂದ ಎರಡನೇ ಹೆಣ್ಣುಮಗಳು ನಡುನೀರಿನಲ್ಲಿ. ನೋಟರಿ ಸೀಲಿಗೆ ಮದುವೆ ಬಿಡಿಸುವ ಶಕ್ತಿ ಇಲ್ಲ ಕಣ್ರೀ. ಡಿಕ್ರಿ, ಅಂದರೆ ಮದುವೆ ಮುಗಿಯಿತು ಅನ್ನುವ ಆದೇಶ, ಕೋರ್ಟಿನಿಂದಲೇ ಬರಬೇಕು.

ಇನ್ನು ಕೋರ್ಟಿನ ದಾರಿ. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ. ಕ್ರೈಸ್ತರಿಗೆ 1869ರ ಕಾಯ್ದೆ, 2001ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಮುಸ್ಲಿಂ ಹೆಣ್ಣುಮಕ್ಕಳು ಕೋರ್ಟಿಗೆ ಬರಲು 1939ರ ಕಾಯ್ದೆ ಇದೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಸ್ಪೆಷಲ್ ಮ್ಯಾರೇಜ್ ಆದವರಿಗೆ 1954ರದ್ದು. ನನ್ನ ಮುಂದೆ ಬರುವುದು ಹೆಚ್ಚಾಗಿ ಮೊದಲನೆಯದು, ಅದರ ಬಗ್ಗೆಯೇ ಮಾತಾಡುತ್ತೇನೆ.

ಇಬ್ಬರೂ ಒಪ್ಪಿದರೆ ಆ ಕಾಯ್ದೆಯ 13ಬಿ ಸೆಕ್ಷನ್. ಈ ಸೆಕ್ಷನ್ 1976ರಲ್ಲಿ ಬಂದದ್ದು, ಅಲ್ಲಿಯವರೆಗೆ ಈ ಕಾಯ್ದೆಯಲ್ಲಿ ಸೌಮ್ಯವಾಗಿ ಬೇರೆಯಾಗುವ ದಾರಿಯೇ ಇರಲಿಲ್ಲ, ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸಲೇಬೇಕಿತ್ತು. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು, ಆಮೇಲೆ ಇಬ್ಬರೂ ಮತ್ತೆ ಬಂದು ಹೌದು ಅನ್ನಬೇಕು, 18 ತಿಂಗಳ ಒಳಗೆ. ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲರಿಗೂ ಅಲ್ಲ. ಸಾಕಷ್ಟು ಕಾಲದಿಂದ ಬೇರೆ ಇದ್ದು, ರಾಜಿಯ ಪ್ರಯತ್ನ ಎಲ್ಲ ಮುಗಿದು, ಜೀವನಾಂಶ, ಮಗು, ಒಡವೆ ಎಲ್ಲ ಇತ್ಯರ್ಥ ಆಗಿದ್ದರೆ ಮಾತ್ರ. ಇನ್ನೊಂದು ಮಾತು. ಕೊನೆಯ ಆದೇಶ ಬರುವವರೆಗೂ ಇಬ್ಬರಲ್ಲಿ ಒಬ್ಬರು ಒಪ್ಪಿಗೆ ವಾಪಸ್ ತಗೋಬಹುದು. ಮೊದಲ ದಿನ ಸಹಿ ಹಾಕಿ ಬಂದು "ಮುಗೀತು" ಅಂತ ಊರಿಗೆಲ್ಲ ಹೇಳಿದವರು ಆಮೇಲೆ ಮುಖ ಮುಚ್ಚಿಕೊಂಡು ಓಡಾಡಿದ್ದನ್ನು ನೋಡಿದ್ದೇನೆ.

ಒಪ್ಪದಿದ್ದರೆ ಕ್ರೌರ್ಯ, ಬಿಟ್ಟುಹೋದದ್ದು, ಇನ್ನೊಂದು ಸಂಬಂಧ ಹೀಗೆ ಯಾವುದಾದರೂ ಕಾರಣ ಹೇಳಿ ಅದನ್ನು ಸಾಬೀತು ಮಾಡಬೇಕು. "ನಮ್ಮಿಬ್ಬರ ನಡುವೆ ಏನೂ ಉಳಿದಿಲ್ಲ" ಅನ್ನುವುದು ಕಾಯ್ದೆಯ ಪ್ರಕಾರ ಇನ್ನೂ ಕಾರಣ ಅಲ್ಲ. 2023ರ ಮೇ 1ರಂದು ಐವರು ನ್ಯಾಯಮೂರ್ತಿಗಳ ಪೀಠ ಅಂಥ ಮದುವೆಯನ್ನು ಕೊನೆಗಾಣಿಸಬಹುದು ಅಂತ ಹೇಳಿತಲ್ಲ, ಆ ಅಧಿಕಾರ ಸಂವಿಧಾನದ 142ನೇ ವಿಧಿಯಿಂದ ಸುಪ್ರೀಂ ಕೋರ್ಟಿಗೆ ಮಾತ್ರ ಬಂದದ್ದು. ಪೇಪರಿನಲ್ಲಿ ಓದಿ ನಮ್ಮ ಜಿಲ್ಲಾ ಕೋರ್ಟಿಗೆ ಬಂದು ಕೇಳಿದರೆ ಆಗೋದಿಲ್ಲ.

ಫ್ಯಾಮಿಲಿ ಕೋರ್ಟ್ ಅನ್ನುವುದು 1984ರ ಕಾಯ್ದೆಯಿಂದ ಬಂದದ್ದು. ಸಿನಿಮಾದಲ್ಲಿ ನೋಡುವ ಕೋರ್ಟಿನ ಹಾಗಿರುವುದಿಲ್ಲ. ಇಲ್ಲಿ ಮೊದಲ ಕೆಲಸವೇ ರಾಜಿಗೆ ಪ್ರಯತ್ನ ಮಾಡುವುದು, ಹಾಗಂತ 9ನೇ ಸೆಕ್ಷನ್ ಹೇಳುತ್ತೆ. ನಾನು ಹೇಳಬಾರದು, ನನ್ನ ಹೊಟ್ಟೆಪಾಡು ಅದೇ, ಆದರೂ ಹೇಳುತ್ತೇನೆ. 13ನೇ ಸೆಕ್ಷನ್ ಪ್ರಕಾರ ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ನಡೆಯುವುದರಲ್ಲಿ ಎಲ್ಲರೂ ಅನುಮತಿ ತಗೊಂಡು ವಕೀಲರನ್ನು ಇಟ್ಟುಕೊಳ್ಳುತ್ತಾರೆ ಅನ್ನಿ. ಆದರೆ ಜಡ್ಜು ನೋಡುವುದು ನಿಮ್ಮ ಮುಖ, ನನ್ನದಲ್ಲ. ಬೆಂಗಳೂರಿನವರಿಗೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡ ಗೊತ್ತಿರುತ್ತೆ. 2007ರಲ್ಲಿ ಮೀಡಿಯೇಷನ್ ಕೇಂದ್ರ ಶುರುವಾದದ್ದು ಅಲ್ಲೇ. ಒಂದು ಮೇಜಿನ ಸುತ್ತ ಗಂಡ, ಹೆಂಡತಿ, ಮಧ್ಯಸ್ಥಗಾರ ಕೂರುತ್ತಾರೆ. ಅಲ್ಲಿ ಆಡಿದ ಮಾತು ಹೊರಗೆ ಬರುವುದಿಲ್ಲ, ಕೇಸಿನಲ್ಲಿ ಸಾಕ್ಷಿಯಾಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಅಲ್ಲಿ ಬಾಯಿ ಬಿಗಿದುಕೊಂಡು ಕೂತು, ವೆರಾಂಡಕ್ಕೆ ಬಂದಮೇಲೆ ಎಲ್ಲರಿಗೂ ಕೇಳುವ ಹಾಗೆ ಕೂಗಾಡುತ್ತಾರೆ. ಎರಡೂ ಉಲ್ಟಾ ಆಗಬೇಕಿತ್ತು.

ದುಡ್ಡಿಲ್ಲ ಅಂತ ಸುಮ್ನೆ ಇರುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ, ಇಲ್ಲ ಅಂದರೆ 15100ಕ್ಕೆ ಫೋನ್ ಮಾಡಿ.

ಜೀವನಾಂಶದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದೊಂದಕ್ಕೇ ಇನ್ನೊಂದು ಭಾನುವಾರ ಬೇಕು. ಜನ ಈಗಲೂ "ಒನ್ ಟ್ವೆಂಟಿಫೈವ್ ಹಾಕಿದೀವಿ" ಅನ್ನುತ್ತಾರೆ. ಅದು ಜೀವನಾಂಶ ಕೇಳುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್. 2024ರ ಜುಲೈ 1ರಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಕೆಲಸ ಮಾಡಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಅಂತ. ಕೇಸು ಎಳೆದಷ್ಟೂ ಲಾಭ ಅಂದುಕೊಂಡವರಿಗೆ ಅದು ಏಟು. ಕೇಸು ಬಂದ ತಕ್ಷಣ ಕೆಲಸ ಬಿಡುವ ಗಂಡಸರು, ಇರುವ ಸಂಬಳ ಮುಚ್ಚಿಡುವ ಹೆಂಗಸರು, ಇಬ್ಬರಿಗೂ ಬ್ಯಾಂಕ್ ಸ್ಟೇಟ್‌ಮೆಂಟು ಅನ್ನುವುದೊಂದು ಇದೆ ಅಂತ ನೆನಪು ಮಾಡುವುದು ನಮ್ಮ ಕೆಲಸದ ಒಂದು ಭಾಗ.

ಇದನ್ನು ಮಾತ್ರ ಒತ್ತಿ ಹೇಳಬೇಕು. "ದುಡ್ಡು ಹಾಕಿಲ್ಲ, ಅದಕ್ಕೇ ಮಗು ತೋರಿಸಲ್ಲ." "ಮಗು ತೋರಿಸಿಲ್ಲ, ಅದಕ್ಕೇ ದುಡ್ಡು ಹಾಕಲ್ಲ." ಈ ಎರಡು ವಾಕ್ಯ ನಾನು ಕೇಳದ ವಾರವೇ ಇಲ್ಲ. ಕಾನೂನಿನಲ್ಲಿ ಇವೆರಡಕ್ಕೂ ಗಂಟು ಇಲ್ಲ. ದುಡ್ಡು ಬರದಿದ್ದರೆ ವಸೂಲಿಗೆ ಅರ್ಜಿ ಹಾಕಿ. ಮಗು ತೋರಿಸದಿದ್ದರೆ ಭೇಟಿಗೆ ಅರ್ಜಿ ಹಾಕಿ. ಮಗುವಿನ ಊಟದ ದುಡ್ಡು ಮಗುವಿನದ್ದು, ಅಪ್ಪನನ್ನು ನೋಡುವ ಹಕ್ಕೂ ಮಗುವಿನದ್ದೇ.

ಈಗ ಕಸ್ಟಡಿ, ಅಂದರೆ ಮಗು ಯಾರ ಹತ್ತಿರ ಇರಬೇಕು ಅನ್ನುವುದು.

ನಮ್ಮಲ್ಲಿ ಇದಕ್ಕೆ ಇರುವ ಮುಖ್ಯ ಕಾನೂನು 1890ರದ್ದು. ಬ್ರಿಟಿಷರ ಕಾಲದ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದರ ಮೇಲೆ ಹಿಂದೂಗಳಿಗೆ 1956ರ ಇನ್ನೊಂದು ಕಾಯ್ದೆ. ಅದರಲ್ಲಿ ಮಗುವಿನ ಸಹಜ ಪಾಲಕ ಅಪ್ಪ, ಅವನ ನಂತರ ಅಮ್ಮ ಅಂತ ಬರೆದಿದೆ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ತಗೊಳ್ಳಲು ಹೋದಾಗ ಅಪ್ಪನ ಸಹಿ ಕೇಳಿದರು, ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರಲ್ಲಿ ಕೋರ್ಟ್ "ನಂತರ" ಅಂದರೆ ಅಪ್ಪ ಸತ್ತ ನಂತರ ಅಂತ ಓದಬೇಕಿಲ್ಲ, ಅಪ್ಪ ಊರಲ್ಲಿಲ್ಲದಿದ್ದರೂ, ಮಗುವನ್ನು ನೋಡಿಕೊಳ್ಳದಿದ್ದರೂ ಅಮ್ಮನೇ ಪಾಲಕಿ ಅಂತ ಹೇಳಿತು. ಒಂದು ಪದವನ್ನು ಸರಿಯಾಗಿ ಓದಲು 43 ವರ್ಷ ಬೇಕಾಯಿತು. ನಮ್ಮ ಎಷ್ಟೋ ಕಚೇರಿಗಳ ಕೌಂಟರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ, ಅದು ಬೇರೆ ಮಾತು.

ಅದೇ ಸೆಕ್ಷನ್ನಿನಲ್ಲಿ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರ ಇರಬೇಕು ಅಂತಿದೆ. ಇದರಿಂದ ಎರಡು ತಪ್ಪು ತಿಳಿವಳಿಕೆ ಹುಟ್ಟಿದೆ. ಐದು ವರ್ಷ ತುಂಬಿದ ದಿನ ಮಗು ಅಪ್ಪನಿಗೆ ಹೋಗುತ್ತೆ ಅಂತ ಕೆಲವು ಅಪ್ಪಂದಿರು ಹುಟ್ಟುಹಬ್ಬಕ್ಕೆ ಕಾಯುತ್ತಿರುತ್ತಾರೆ. ಹಾಗೇನೂ ಇಲ್ಲ. ಇನ್ನು ಕೆಲವು ಅಮ್ಮಂದಿರು ಏನೇ ಆದರೂ ಮಗು ನನಗೇ ಅಂದುಕೊಂಡಿರುತ್ತಾರೆ. ಅದೂ ಇಲ್ಲ. "ಸಾಮಾನ್ಯವಾಗಿ" ಅನ್ನುವ ಪದ ಅಲ್ಲಿ ಸುಮ್ನೆ ಕೂತಿಲ್ಲ. ಎಲ್ಲ ಕಾಯ್ದೆಗಳ ಮೇಲೆ ಕೂತಿರುವುದು ಮಗುವಿನ ಹಿತ. 1973ರಲ್ಲೇ ಸುಪ್ರೀಂ ಕೋರ್ಟ್ ಮಕ್ಕಳು ಅಪ್ಪ ಅಮ್ಮಂದಿರ ಸೊತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಅಂತ ಹೇಳಿಬಿಟ್ಟಿದೆ.

ಮಗುವಿನ ಹಿತ ಅಂದರೆ ಏನು? ಜನ ಅದನ್ನು ದುಡ್ಡು ಅಂದುಕೊಂಡು ಬರುತ್ತಾರೆ. "ಮೇಡಂ, ನನ್ನ ಹತ್ತಿರ ಮೂರು ಬೆಡ್‌ರೂಮಿನ ಮನೆ ಇದೆ, ಅವಳು ತವರಲ್ಲಿ ಒಂದು ಕೋಣೆಯಲ್ಲಿ ಇದಾಳೆ." ಸರಿ ಸ್ವಾಮಿ, ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗ್ತೀರಿ? ಮಾತಿಲ್ಲ. ಜಡ್ಜು ನೋಡುವುದು ಮಗುವಿನ ದಿನ ಹೇಗೆ ನಡೆಯುತ್ತಿದೆ, ಅದು ಯಾರ ಸುತ್ತ ಸುತ್ತುತ್ತಿದೆ, ಶಾಲೆ ಬದಲಾಗುತ್ತಾ, ತಮ್ಮನೋ ತಂಗಿಯೋ ಬೇರೆ ಆಗುತ್ತಾರಾ, ಮನೆಯಲ್ಲಿ ಇನ್ನು ಯಾರಿದ್ದಾರೆ ಅಂತ. ಅದರ ಜೊತೆಗೆ ಇನ್ನೊಂದನ್ನು ಬಹಳ ಗಮನಿಸುತ್ತಾರೆ. ಇವರ ಹತ್ತಿರ ಮಗು ಬಿಟ್ಟರೆ ಇವರು ಆ ಇನ್ನೊಬ್ಬರ ಜೊತೆ ಮಾತಾಡಲು ಬಿಡುತ್ತಾರಾ ಇಲ್ಲವಾ. ನನ್ನ ಅನುಭವದಲ್ಲಿ ಅತಿ ಹೆಚ್ಚು ಕೇಸು ಹಾಳಾಗಿರುವುದು ಇಲ್ಲೇ. ಮಗುವಿನ ಬಾಯಲ್ಲಿ "ಅಪ್ಪ ಬೇಡ" ಅಂತ ಹೇಳಿಸಿದರೆ ಗೆದ್ದೆ ಅಂದುಕೊಳ್ಳುತ್ತಾರೆ. ಹಾಗೆ ಮಗುವಿನ ಮನಸ್ಸನ್ನು ಒಬ್ಬರ ವಿರುದ್ಧ ತಿರುಗಿಸುವುದರಿಂದ ಮಗುವಿಗೇ ಪೆಟ್ಟು ಅಂತ ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನಲ್ಲಿ ವಿವರವಾಗಿ ಬರೆದಿದೆ.

ಮಗುವನ್ನು ಕೇಳುತ್ತಾರಾ ಅಂತ ಬಹಳ ಜನಕ್ಕೆ ಭಯ. ಕೇಳುತ್ತಾರೆ, ಬುದ್ಧಿ ತಿಳಿದ ವಯಸ್ಸಾಗಿದ್ದರೆ. ಎಷ್ಟು ವಯಸ್ಸು ಅಂತ ಕಾಯ್ದೆಯಲ್ಲಿ ಬರೆದಿಲ್ಲ. ಕಟಕಟೆಯಲ್ಲಿ ನಿಲ್ಲಿಸಿ ಅಲ್ಲ, ಛೇಂಬರಿನಲ್ಲಿ ಕೂರಿಸಿಕೊಂಡು, ನಮ್ಮನ್ನೆಲ್ಲ ಹೊರಗೆ ಕಳಿಸಿ. "ಯಾರ ಜೊತೆ ಇರ್ತೀಯ" ಅಂತ ನೇರವಾಗಿ ಕೇಳುವ ಜಡ್ಜು ಕಡಿಮೆ. ಶಾಲೆ ಹೇಗಿದೆ, ಬೆಸ್ಟ್ ಫ್ರೆಂಡ್ ಯಾರು, ಭಾನುವಾರ ಏನು ಮಾಡ್ತೀಯ, ಹೀಗೇ. ಒಂದು ಸಲ ಒಬ್ಬ ಹುಡುಗ ಒಳಗೆ ಹೋದ ಕೂಡಲೇ, ಇನ್ನೂ ಏನೂ ಕೇಳುವ ಮೊದಲೇ, ಪದ್ಯ ಒಪ್ಪಿಸಿದ ಹಾಗೆ ಐದು ವಾಕ್ಯ ಹೇಳಿದನಂತೆ. ಐದನೆಯದು ಮರೆತು ಮತ್ತೆ ಮೊದಲಿನಿಂದ ಶುರು ಮಾಡಿದನಂತೆ. ಅವನಿಗೆ ಪಾಠ ಹೇಳಿಕೊಟ್ಟವರು ನನ್ನ ಕಕ್ಷಿದಾರರೇ. ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಕದ್ದು ಮಾಡಿದ ಫೋನ್ ರೆಕಾರ್ಡಿಂಗ್ ನಡೆಯುತ್ತಾ ಅಂತಲೂ ಕೇಳುತ್ತಾರೆ. ಗಂಡ ಹೆಂಡತಿಯ ಮಾತಿನ ರೆಕಾರ್ಡಿಂಗನ್ನು ಸಾಕ್ಷಿಯಾಗಿ ತಗೋಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮಗುವಿನ ಮುಂದೆ ಫೋನ್ ಹಿಡಿದು "ಅಪ್ಪ ಏನು ಮಾಡಿದ ಹೇಳು ಪುಟ್ಟ" ಅಂತ ವಿಡಿಯೊ ಮಾಡಬೇಡಿ. ಆ ವಿಡಿಯೊದಲ್ಲಿ ಜಡ್ಜಿಗೆ ಕಾಣುವುದು ಅಪ್ಪ ಅಲ್ಲ, ಫೋನ್ ಹಿಡಿದವರು.

ಇಲ್ಲೊಂದು ಬೇಲಿ ಹಾಕಿಬಿಡುತ್ತೇನೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಜೀವಕ್ಕೆ ಭಯ ಇದ್ದರೆ, ನಾನು ಈಗ ಹೇಳಲಿರುವ ಹೊಂದಾಣಿಕೆಯ ಮಾತು ನಿಮಗಲ್ಲ. ಮೊದಲು ಅಲ್ಲಿಂದ ಹೊರಗೆ ಬನ್ನಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರೇ ಮಗುವನ್ನು ತಾತ್ಕಾಲಿಕವಾಗಿ ನಿಮ್ಮ ಹತ್ತಿರ ಇರಿಸಬಹುದು, ಭೇಟಿಯಿಂದ ಮಗುವಿಗೆ ಅಪಾಯ ಅನ್ನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. ಅಂಥ ಮನೆಯಲ್ಲಿ "ಮಗುವಿಗೋಸ್ಕರ ಹೊಂದಿಕೊಂಡು ಹೋಗಮ್ಮ" ಅನ್ನುವ ಹಿರಿಯರಿಗೆ ನಾನು ಗೌರವ ಕೊಡುವುದಿಲ್ಲ.

ಉಳಿದವರಿಗೆ, ಅಂದರೆ ಒಬ್ಬರನ್ನೊಬ್ಬರು ಸಹಿಸಲಾಗದ ಆದರೆ ಇಬ್ಬರೂ ಮಗುವನ್ನು ಪ್ರೀತಿಸುವ ಬಹುಪಾಲು ಜನಕ್ಕೆ, ನಿಜವಾದ ಕೆಲಸ ಇರುವುದು ಒಪ್ಪಂದದ ಕಾಗದದಲ್ಲಿ. ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ವಕೀಲಿ ಶುರು ಮಾಡಿದ ಮೂರನೇ ವರ್ಷ. ಒಂದು ರಾಜಿ ಅರ್ಜಿ ಬರೆದೆ. ಮಗಳು ಅಮ್ಮನ ಹತ್ತಿರ, "ತಂದೆಯು ಉಭಯತರಿಗೂ ಅನುಕೂಲವಾದ ಸಮಯದಲ್ಲಿ ಮಗುವನ್ನು ಭೇಟಿ ಮಾಡತಕ್ಕದ್ದು" ಅಂತ ಒಂದೇ ಸಾಲು. ಬರೆದು ನನಗೇ ಹೆಮ್ಮೆ ಆಗಿತ್ತು, ಎಷ್ಟು ಚೊಕ್ಕವಾಗಿದೆ ಅಂತ. ಡೈವೋರ್ಸ್ ಆಗಿ ಇಬ್ಬರಿಗೂ ಒಂದೇ ಸಮಯ ಅನುಕೂಲ ಆಗುತ್ತೆ ಅಂತ ನಾನು ಹೇಗೆ ನಂಬಿದೆನೋ! ಅವರಿಗೆ ಹಾಗೆ ಅನುಕೂಲ ಆಗುತ್ತಿದ್ದರೆ ನನ್ನ ಹತ್ತಿರ ಯಾಕೆ ಬರುತ್ತಿದ್ದರು? ಎರಡು ವರ್ಷ ಆ ಒಂದು ಸಾಲಿನ ಮೇಲೆ ಅರ್ಜಿ, ತಕರಾರು, ಮತ್ತೆ ಅರ್ಜಿ. ಅಪ್ಪ ಬಂದಾಗ ಮಗುವಿಗೆ ಭರತನಾಟ್ಯ ಕ್ಲಾಸು. ಕ್ಲಾಸು ಇಲ್ಲದಾಗ ಅಪ್ಪ ಚೆನ್ನೈಯಲ್ಲಿ. ಒಂದು ಸಲ ಅವನು ಗೇಟಿನ ಹೊರಗೆ ಕೇಕ್ ಡಬ್ಬಿ ಹಿಡಿದು ಒಂದೂವರೆ ಗಂಟೆ ನಿಂತಿದ್ದನಂತೆ. ಅವತ್ತಿನಿಂದ ನಾನು ಕಾವ್ಯ ಬರೆಯುವುದು ಬಿಟ್ಟು ರೈಲ್ವೆ ಟೈಂಟೇಬಲ್ ಬರೆಯಲು ಶುರು ಮಾಡಿದೆ.

ಈಗ ನನ್ನ ಕಾಗದ ಹೀಗಿರುತ್ತೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಅಮ್ಮನ ಮನೆಯ ಗೇಟಿನಿಂದ, ಅಪ್ಪ ಕರೆದುಕೊಂಡು ಹೋಗುತ್ತಾನೆ. ಭಾನುವಾರ ಸಂಜೆ ಆರಕ್ಕೆ ಅದೇ ಗೇಟಿಗೆ ವಾಪಸ್. ಅರ್ಧ ಗಂಟೆ ತಡವಾದರೆ ಮೆಸೇಜ್ ಹಾಕಬೇಕು. ಶಾಲೆ ಬ್ಯಾಗು, ಕನ್ನಡಕ, ಔಷಧಿ ಮಗುವಿನ ಜೊತೆ ಹೋಗಿ ಮಗುವಿನ ಜೊತೆ ಬರಬೇಕು. ನಗಬೇಡಿ, ಹೋಂವರ್ಕ್ ಪುಸ್ತಕ ಇನ್ನೊಂದು ಮನೆಯಲ್ಲಿ ಉಳಿಯಿತು ಅಂತ ಸೋಮವಾರ ಬೆಳಿಗ್ಗೆ ಪೊಲೀಸ್ ಸ್ಟೇಷನ್ನಿಗೆ ಹೋದವರನ್ನು ನಾನು ನೋಡಿದ್ದೇನೆ. ಬುಧವಾರ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್, ಹದಿನೈದು ನಿಮಿಷ, ಆ ಹೊತ್ತಿಗೆ ಇನ್ನೊಬ್ಬರು ಕೋಣೆಯಿಂದ ಹೊರಗಿರಬೇಕು. ಭೇಟಿ ಆಗದ ದಿನಗಳಲ್ಲಿ ಫೋನು, ವಿಡಿಯೊ ಕಾಲ್ ಇರಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಹಾಗಾಗಿ ಇದು ನನ್ನ ಚಪಲ ಅಲ್ಲ.

ಹಬ್ಬ ಬಂತು ಅಂದರೆ ಇನ್ನೊಂದು ಅಧ್ಯಾಯ. ತಾರೀಖು ಬರೆಯಬೇಡಿ, ಹಬ್ಬದ ಹೆಸರು ಬರೆಯಿರಿ. 2022ರಲ್ಲಿ ಆಗಸ್ಟ್ 31ಕ್ಕೆ ಬಂದ ಗಣೇಶ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂದ. ಯುಗಾದಿ ಬೆಸ ವರ್ಷದಲ್ಲಿ ಅಮ್ಮನ ಮನೆ, ಸರಿ ವರ್ಷದಲ್ಲಿ ಅಪ್ಪನ ಮನೆ, ದೀಪಾವಳಿ ಅದರ ಉಲ್ಟಾ. ದಸರಾ ರಜೆ, ಬೇಸಿಗೆ ರಜೆ ಎಷ್ಟು ದಿನ ಅನ್ನುವುದು ಆ ಶಾಲೆಯ ಕ್ಯಾಲೆಂಡರ್ ಪ್ರಕಾರ, ಯಾಕೆಂದರೆ ಸ್ಟೇಟ್ ಸಿಲಬಸ್ ರಜೆಯೇ ಬೇರೆ, ಸಿಬಿಎಸ್‌ಇ ರಜೆಯೇ ಬೇರೆ. ಹುಟ್ಟುಹಬ್ಬದ ದಿನ ಯಾರ ಹತ್ತಿರ ಇದ್ದರೂ ಇನ್ನೊಬ್ಬರಿಗೆ ಎರಡು ಗಂಟೆ. ಶಾಲೆಯ ಪೋಷಕರ ಸಭೆಗೆ ಇಬ್ಬರೂ ಬರಬಹುದು, ಶಾಲೆಯ ರಿಜಿಸ್ಟರಿನಲ್ಲಿ ಇಬ್ಬರ ನಂಬರೂ ಇರಬೇಕು. ಮನೆ ಬದಲಾಯಿಸಿದರೆ ಮೊದಲೇ ತಿಳಿಸಬೇಕು. ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತೆ, ನವೀಕರಣಕ್ಕೆ ಇನ್ನೊಬ್ಬರು ಸಹಿ ಹಾಕುತ್ತಾರಾ. ಕಿವಿ ಚುಚ್ಚಿಸುವುದು, ಉಪನಯನ, ಆಪರೇಷನ್, ಇಂಥವಕ್ಕೆ ಇಬ್ಬರ ಒಪ್ಪಿಗೆ ಬೇಕಾ. ನಾಲ್ಕು ಪುಟ ಆಗುತ್ತೆ. ಬರೆಯುವಾಗ ಇಬ್ಬರೂ ಬೇಸರ ಮಾಡಿಕೊಳ್ಳುತ್ತಾರೆ. ಆದರೆ ಆ ನಾಲ್ಕು ಪುಟ ಬರೆದುಕೊಂಡವರು ಮತ್ತೆ ನನ್ನ ಆಫೀಸಿನ ಮೆಟ್ಟಿಲು ಹತ್ತಿದ್ದು ಬಹಳ ಕಡಿಮೆ. ನನ್ನ ಗುಮಾಸ್ತರಿಗೆ ಇದು ಇಷ್ಟ ಇಲ್ಲ.

ಮಗುವನ್ನು ಸಮನಾಗಿ ಹಂಚಿಕೊಳ್ಳಬಹುದಾ? 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಂದು ಕೇಸಿನಲ್ಲಿ ಹಾಗೇ ಮಾಡಿತು. ಜನವರಿಯಿಂದ ಜೂನ್ ಕೊನೆಯವರೆಗೆ ಅಪ್ಪ, ಜುಲೈಯಿಂದ ಡಿಸೆಂಬರ್ ಅಮ್ಮ. ಇನ್ನೊಬ್ಬರಿಗೆ ಶನಿವಾರ ಭಾನುವಾರ. ಖರ್ಚು ಅರ್ಧರ್ಧ. 2015ರ ಮೇ ತಿಂಗಳಲ್ಲಿ ಬಂದ ಕಾನೂನು ಆಯೋಗದ 257ನೇ ವರದಿ ಈ ತೀರ್ಪನ್ನು ಎತ್ತಿಕೊಂಡು, ಜಂಟಿ ಕಸ್ಟಡಿಗೆ ಕಾಯ್ದೆಯಲ್ಲೇ ಜಾಗ ಕೊಡಬೇಕು ಅಂತ ಶಿಫಾರಸು ಮಾಡಿತು. ವರದಿ ಅಲ್ಲೇ ಕೂತಿದೆ. ನನಗೆ ಜಂಟಿ ಕಸ್ಟಡಿ ಇಷ್ಟ, ಆದರೆ ಒಂದು ಷರತ್ತಿನ ಮೇಲೆ. ಎರಡೂ ಮನೆ ಒಂದೇ ಶಾಲೆ ಬಸ್ಸಿನ ದಾರಿಯಲ್ಲಿ ಇರಬೇಕು. ಒಬ್ಬರು ಯಲಹಂಕ, ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿ ಆದರೆ ಆ ಮಗು ಬೆಳೆಯುವುದು ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ.

ಒಂದು ಸಮಾಧಾನದ ಮಾತೂ ಇದೆ. ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮಗು ಬೆಳೆಯುತ್ತೆ, ಊರು ಬದಲಾಗುತ್ತೆ, ಯಾರಿಗೋ ಕಾಯಿಲೆ ಆಗುತ್ತೆ. ಪರಿಸ್ಥಿತಿ ಬದಲಾದರೆ ಅದೇ ಕೋರ್ಟಿಗೆ ಹೋಗಿ ಮತ್ತೆ ಕೇಳಬಹುದು.

ಈಗ ಡಬ್ಬಿಯ ಚೀಟಿಗಳು. ಎಲ್ಲ ಓದಲು ಆಗಲ್ಲ.

"ಮಗಳು ಅಮೆರಿಕದಿಂದ ಬೇಸಿಗೆ ರಜೆಗೆ ಮಗುವನ್ನು ಕರೆದುಕೊಂಡು ಬಂದಿದ್ದಾಳೆ. ವಾಪಸ್ ಹೋಗಲ್ಲ ಅಂತಿದ್ದಾಳೆ. ಏನು ಮಾಡಬೇಕು?" ಮೊದಲು, ಟಿಕೆಟ್ ದಿನಾಂಕ ಮುಗಿಯುವ ಮುಂಚೆ ವಕೀಲರನ್ನು ನೋಡಿ. ಇಲ್ಲೂ, ಅಲ್ಲೂ. ಅಮೆರಿಕದಲ್ಲಿ ಇನ್ನೊಬ್ಬ ಪೋಷಕರ ಹಕ್ಕನ್ನು ತಪ್ಪಿಸಲು ಮಗುವನ್ನು ದೇಶದ ಹೊರಗೆ ಇಟ್ಟುಕೊಳ್ಳುವುದು 1993ರ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳನ್ನು ಹೀಗೆ ದೇಶ ದಾಟಿಸುವ ಬಗ್ಗೆ 1980ರ ಹೇಗ್ ಒಪ್ಪಂದ ಇದೆ, ಭಾರತ ಅದಕ್ಕೆ ಸೇರಿಲ್ಲ. ಹಾಗಂತ ಇಲ್ಲಿ ಬಂದುಬಿಟ್ಟರೆ ಸೇಫ್ ಅಂದುಕೊಳ್ಳಬೇಡಿ. ಅಲ್ಲಿಯ ಅಪ್ಪ ನಮ್ಮ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಕರೆತರಿಸಿ ಅನ್ನುವ ಅರ್ಜಿ, ಹಾಕಬಹುದು. ಅಲ್ಲಿಯ ಕೋರ್ಟಿನ ಆದೇಶವನ್ನು ಇಲ್ಲಿ ಕಣ್ಣು ಮುಚ್ಚಿ ಜಾರಿ ಮಾಡುವುದಿಲ್ಲ, ಅದನ್ನೂ ಒಂದು ಅಂಶವಾಗಿ ಇಟ್ಟುಕೊಂಡು ಮಗುವಿನ ಹಿತವನ್ನು ಇಲ್ಲೇ ತೂಗುತ್ತಾರೆ. 2017ರಿಂದ ದಾರಿ ಹಾಗಿದೆ. ಮಗು ಅಲ್ಲಿಯ ಶಾಲೆಯಲ್ಲಿ ಐದು ವರ್ಷ ಓದಿ, ಕನ್ನಡವನ್ನು ಅಜ್ಜಿ ಜೊತೆ ಫೋನಿನಲ್ಲಿ ಮಾತ್ರ ಆಡುತ್ತಿದ್ದರೆ, ಆ ತಕ್ಕಡಿ ಯಾವ ಕಡೆ ವಾಲಬಹುದು ನೀವೇ ಯೋಚಿಸಿ.

"ಅವರು ಅಲ್ಲೇ ಡೈವೋರ್ಸ್ ತಗೊಂಡು ಮೇಲ್ ಮಾಡಿದ್ದಾರೆ." ಇದು ಬೇರೆ ಚೀಟಿ, ಕೈಬರಹ ಬೇರೆ. ಮದುವೆ ಇಲ್ಲಿ ಹಿಂದೂ ಕಾಯ್ದೆಯಡಿ ಆಗಿದ್ದು, ನೀವು ಆ ಕೋರ್ಟಿಗೆ ಹೋಗದೆ, ಒಪ್ಪದೆ ಇದ್ದರೆ, ನಮ್ಮ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ ಕೊಟ್ಟ ಆ ಡಿಕ್ರಿ ಇಲ್ಲಿ ನಿಲ್ಲುವುದು ಕಷ್ಟ. ಸುಪ್ರೀಂ ಕೋರ್ಟಿನ 1991ರ ತೀರ್ಪು ಅದನ್ನೇ ಹೇಳುತ್ತೆ. ಆ ಮೇಲ್ ಡಿ‌ಲೀಟ್ ಮಾಡಬೇಡಿ. ಉತ್ತರವನ್ನೂ ನೀವೇ ಬರೆಯಬೇಡಿ.

"ನಾನು ಕೆಲಸಕ್ಕೆ ಹೋಗ್ತೀನಿ, ಅದಕ್ಕೆ ಮಗು ಕೊಡಲ್ಲ ಅಂತಾರಾ?" ಇಲ್ಲ. ಅಪ್ಪನೂ ಕೆಲಸಕ್ಕೆ ಹೋಗುತ್ತಾನಲ್ಲ, ಅವನನ್ನು ಯಾರೂ ಇದನ್ನು ಕೇಳುವುದಿಲ್ಲ. ನೀವು ಇಲ್ಲದಾಗ ಮಗು ಯಾರ ಹತ್ತಿರ ಇರುತ್ತೆ ಅನ್ನುವುದನ್ನು ಮಾತ್ರ ಸರಿಯಾಗಿ ಹೇಳಲು ಬರಬೇಕು. ಮಂಗಳವಾರ ಸಂಜೆ, ನೆನಪಿದೆ ತಾನೇ?

ಕೊನೆಯದು. ಕನ್ನಡಕದ ನಂಬರ್ ಜಾಸ್ತಿ ಇರುವವರು ಬರೆದದ್ದು, ಅಕ್ಷರ ದಪ್ಪ ದಪ್ಪ. "ಅಜ್ಜ ಅಜ್ಜಿಗೆ ಮೊಮ್ಮಗನನ್ನು ನೋಡುವ ಹಕ್ಕು ಇದೆಯಾ?" ಅಪ್ಪ ಅಮ್ಮ ಇಬ್ಬರೂ ಇರುವಾಗ ಅಜ್ಜ ಅಜ್ಜಿಗೆ ಅಂತ ಬೇರೆ ಭೇಟಿಯ ಹಕ್ಕನ್ನು ಈ ಕಾಯ್ದೆಗಳು ಬರೆದಿಟ್ಟಿಲ್ಲ. ಆದರೆ ಆ ನಾಲ್ಕು ಪುಟದಲ್ಲಿ ಒಂದು ಸಾಲು ಸೇರಿಸಲು ಯಾರದ್ದೂ ತಡೆ ಇಲ್ಲ. "ತಿಂಗಳ ಮೊದಲ ಭಾನುವಾರ ಮಧ್ಯಾಹ್ನದ ಊಟ ಅಜ್ಜನ ಮನೆಯಲ್ಲಿ." ಇಬ್ಬರೂ ಸಹಿ ಹಾಕಿ, ಕೋರ್ಟು ಅದನ್ನು ಆದೇಶದಲ್ಲಿ ಸೇರಿಸಿದರೆ ಆಯಿತು.

ಕಾರ್ಯಕ್ರಮ ಮುಗಿದು ಕುರ್ಚಿ ಮಡಚುವಾಗ ಎರಡನೇ ಸಾಲಿನಲ್ಲಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಆ ಸಾಲನ್ನು ಒಂದು ಕಾಗದದಲ್ಲಿ ಬರೆದು ಕೊಡಿ ಅಂದರು. ಮಗನಿಗೆ ಕೊಡಲಿಕ್ಕಾ ಅಂತ ಕೇಳಿದೆ. "ಇಲ್ಲಮ್ಮ, ಸೊಸೆಗೆ ತೋರಿಸ್ಬೇಕು" ಅಂದರು. ಬರೆದು ಕೊಟ್ಟೆ. ಓದಿ ನೋಡಿ, ನನ್ನ ಪೆನ್ನನ್ನೇ ಇಸಿದುಕೊಂಡು, "ಮಧ್ಯಾಹ್ನದ ಊಟ" ಅನ್ನುವುದರ ಪಕ್ಕ "ಮತ್ತು ಸಂಜೆ ಕಾಫಿ" ಅಂತ ಸೇರಿಸಿಕೊಂಡರು.